ಮೊದಲರ್ಧದ ಪಂಡಿತ

ಸಿನಿಮಾ ನೋಡುವುದರಲ್ಲಿ ನನ್ನನ್ನು ಮೀರಿಸುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಬೀದಿಗಂತೂ ಬಾಡಿಗೆಗೆ ಬಂದಿಲ್ಲ. ಇದು ಜಂಬದ ಮಾತಲ್ಲ. ಜಂಬ ನನಗೆ ಆಗಿಬರುವುದಿಲ್ಲ. ಅದು ಇದ್ದಿದ್ದರೆ ನಾನು ಇಷ್ಟು ದೊಡ್ಡ ಮನುಷ್ಯನಾಗುತ್ತಿದ್ದೆನೇ?

ಪ್ರತಿ ಶರತ್ಕಾಲದಲ್ಲೂ ನಮ್ಮಲ್ಲಿ ಒಂದು ಮಳೆ ಹಿಡಿಯುತ್ತದೆ. ಮಳೆಗಾಲದ ಮಳೆ ಬಂದು ಹೋಗುವ ನೆಂಟ. ಇದು ಹಾಸಿಗೆ ಸಮೇತ ಬರುವ ನೆಂಟ. ಮರದ ಎಲೆಯೆಲ್ಲ ಉದುರಿ ಮೋರಿ ಸೇರುತ್ತದೆ, ಮೋರಿಯ ನೀರು ಬೀದಿಗೆ ಬರುತ್ತದೆ, ಬೀದಿಯ ಜನ ಮನೆಯೊಳಗೆ ಸೇರಿಕೊಳ್ಳುತ್ತಾರೆ. ಈ ಸಲವಂತೂ ನಾನು ಹಗ್ಗದ ಮೇಲೆ ಹಾಕಿದ ಬನಿಯನ್ನು ಒಣಗುವ ಹೊತ್ತಿಗೆ ನಾನೇ ಅದರ ಅಳತೆ ಮೀರಿ ಬೆಳೆದಿದ್ದೆ. ಪೇಪರ್ ಹಾಕುವವನು ಪೇಪರನ್ನು ಎಸೆಯುವುದು ಬಿಟ್ಟು ತೇಲಿಬಿಡಲು ಶುರುಮಾಡಿದ್ದ. ನಮ್ಮ ಮನೆಯ ಪೇಪರು ಪಕ್ಕದ ಬೀದಿಯವರು ಓದಿ ಮುಗಿಸಿದ ಮೇಲೆ ಬರುತ್ತಿತ್ತು.

ಇಂಥ ದಿನಗಳಲ್ಲಿ ಮನುಷ್ಯ ಮಾಡಬಹುದಾದದ್ದು ಒಂದೇ. ಬಾಗಿಲು ಹಾಕಿ, ಕಾಲ ಮೇಲೆ ಕಂಬಳಿ ಎಳೆದುಕೊಂಡು, ಸಿನಿಮಾ ನೋಡುವುದು. ಯಾವ ಸಿನಿಮಾ ಎಂಬ ಪ್ರಶ್ನೆ ಎದ್ದರೆ ಜನ ಬರುವುದು ನನ್ನ ಬಳಿಗೆ. ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುತ್ತೇನೆ. ಬೇಸಿಗೆಯಲ್ಲಿ ನೀರಿಲ್ಲ ಎಂದು ಬೈಯಲು ಬರುವ ಜನವೇ ಶರತ್ಕಾಲದಲ್ಲಿ ಕಿಟಕಿಯೊಳಗೆ ಮೂತಿ ತೂರಿಸಿ, "ಸಾರ್, ಇವತ್ತು ರಾತ್ರಿಗೆ ಏನು ನೋಡೋದು?" ಎಂದು ಗೊಣಗುತ್ತಾರೆ. ನನ್ನ ಕಿಟಕಿಯ ಮುಂದಿನ ಸಾಲು ಕಂಡು ಮೇಲಧಿಕಾರಿಗಳು ಊರಿನಲ್ಲಿ ಎಲ್ಲೋ ಪೈಪು ಒಡೆದಿದೆ ಎಂದು ಗಾಬರಿಯಾಗಿ ಜೀಪು ಕಳಿಸಿದ್ದೂ ಉಂಟು.

ನನ್ನ ಕ್ರಮ ಬಹಳ ಶಾಸ್ತ್ರೀಯವಾದದ್ದು. ಸಂಜೆ ಮನೆಗೆ ಬಂದು ಊಟ ಮುಗಿಸಿ ಸಿನಿಮಾ ಹಾಕುತ್ತೇನೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ. ಲೋಕ ಇದನ್ನು ನಿದ್ದೆ ಎನ್ನುತ್ತದೆ; ಲೋಕಕ್ಕೆ ತಿಳಿವಳಿಕೆ ಕಡಿಮೆ. ಡಾಕ್ಟರು ನಾಲಿಗೆ ನೋಡಿ ಹೊಟ್ಟೆಯ ಸಮಾಚಾರ ಹೇಳುವುದಿಲ್ಲವೇ? ನಾನು ಮೊದಲರ್ಧ ನೋಡಿ ಉಳಿದದ್ದು ಹೇಳುತ್ತೇನೆ.

ನನ್ನ ಕಣ್ಣು ಮುಚ್ಚುವ ಹೊತ್ತಿಗೆ ಹೆಂಡತಿ ಆಸ್ಪತ್ರೆಯಿಂದ ಬರುತ್ತಾಳೆ. ಅಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಎರಡನೇ ಪಾಳಿ. ತಟ್ಟೆಗೆ ಬಡಿಸಿಕೊಂಡು ಬಂದು ನನ್ನ ಪಕ್ಕ ಕೂತು, ಓಡುತ್ತಿರುವ ಸಿನಿಮಾವನ್ನು ಅಲ್ಲಿಂದ ಹಿಡಿದು ಕೊನೆಯವರೆಗೆ ನೋಡುತ್ತಾಳೆ. ಮೊದಲು ಏನಾಯಿತು ಎಂದು ಅವಳು ಕೇಳಿದವಳಲ್ಲ, ಆಮೇಲೆ ಏನಾಯಿತು ಎಂದು ನಾನು ಕೇಳಿದವನಲ್ಲ. ಮದುವೆಯಾದಾಗಿನಿಂದ ಹೀಗೆಯೇ. ಇಷ್ಟು ಚೊಕ್ಕವಾಗಿ ಪಾಲಾದ ಆಸ್ತಿಯನ್ನು ಯಾವ ಕೋರ್ಟೂ ಕಂಡಿರಲಾರದು.

ಈ ಚೊಕ್ಕತನದಿಂದಲೇ ನನ್ನ ಭಾವಮೈದುನನ ಬಾಳು ಮುರಿದುಬೀಳುವ ಹಂತಕ್ಕೆ ಬಂತು.

ಭಾವಮೈದುನ ಎಂದರೆ ನನ್ನ ಹೆಂಡತಿಯ ತಮ್ಮ. ನಮ್ಮ ಜೊತೆಗೇ ಇದ್ದಾನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ. ಅವನು ಮನಸ್ಸು ಕೊಟ್ಟಿದ್ದು ನಮ್ಮ ಮನೆಯೊಡತಿಯ ಮೊಮ್ಮಗಳಿಗೆ. ಅವಳು ಔಷಧಿ ಅಂಗಡಿಯಲ್ಲಿದ್ದಾಳೆ. ಅಜ್ಜಿಯ ಕನ್ನಡಕದ ಸ್ಕ್ರೂ ವಾರಕ್ಕೊಮ್ಮೆ ಸಡಿಲವಾಗುತ್ತಿತ್ತು, ಮೊಮ್ಮಗಳು ಅದನ್ನು ಹಿಡಿದುಕೊಂಡು ಇವನ ಅಂಗಡಿಗೆ ಓಡುತ್ತಿದ್ದಳು. ಆ ಸ್ಕ್ರೂ ತಾನಾಗಿ ಸಡಿಲವಾಗುತ್ತಿತ್ತೇ ಎಂದು ಕೇಳಬೇಡಿ. ಪ್ರೀತಿಗೆ ಬೇಕಾದ ಸಲಕರಣೆಗಳನ್ನು ಪ್ರೀತಿಯೇ ಹುಡುಕಿಕೊಳ್ಳುತ್ತದೆ.

ಮನೆಯೊಡತಿ ಕೆಳಗಿನ ಮನೆಯಲ್ಲಿದ್ದಾರೆ. ಹೆಡ್‌ಮಿಸ್ ಆಗಿ ನಿವೃತ್ತರಾದವರು; ಬೀದಿಗೆಲ್ಲ ಅವರು ಹೆಡ್ ಮೇಡಂ. ಅವರು ಬೀದಿಯಲ್ಲಿ ನಡೆದುಬಂದರೆ ಐವತ್ತು ದಾಟಿದ ಗಂಡಸರೂ ಉಗುರು ನೋಡಿಕೊಳ್ಳುತ್ತಾರೆ. ಹುಡುಗಿ ವಿಷಯ ತಿಳಿಸಿದಾಗ ಅವರು ಹೇಳಿದ್ದು ಇಷ್ಟೇ: "ಹುಡುಗ ಒಳ್ಳೆಯವನೇ. ಆದರೆ ಅವನು ಸಂಸಾರ ಅಂದ್ರೆ ಏನು ಅಂತ ಕಲಿತಿರೋದು ಅವನ ಅಕ್ಕ ಭಾವನ ಮನೇಲಿ. ಆ ಮನೆ ಹೇಗಿದೆ ಅಂತ ನೋಡಿ ಹೇಳ್ತೀನಿ."

ಅಂದಿನಿಂದ ಭಾವಮೈದುನ ನನ್ನ ಹಿಂದೆ ಬಿದ್ದ.

"ಭಾವ, ನನ್ನ ಬಾಳು ನಿಮ್ಮ ಬಾಯಲ್ಲಿದೆ. ದಯವಿಟ್ಟು ಜಾಸ್ತಿ ಮಾತಾಡಬೇಡಿ."

"ನಾನೇನೋ ಜಾಸ್ತಿ ಮಾತಾಡೋದು? ನನ್ನ ಒಂದು ಮಾತಿಗೆ ಕಚೇರೀಲಿ ಜೀಪು ಹೊರಡುತ್ತೆ."

"ಅದೇ ಭಾವ ನನ್ನ ಭಯ."

ಹೀಗಿರುವಾಗ ಒಂದು ರಾತ್ರಿ ಹೆಡ್ ಮೇಡಂ ಮೆಟ್ಟಿಲು ಹತ್ತಿ ನಮ್ಮ ಮನೆಗೇ ಬಂದರು. ಮೆಟ್ಟಿಲಿಗೆ ಮಾಡು ಇದ್ದರೂ ಕೊಡೆ ಬಿಚ್ಚಿಯೇ ಇತ್ತು. ನಿಯಮ ಎಂದರೆ ನಿಯಮ.

"ಮಳೆ ನಿಲ್ಲೋ ಹಾಗೆ ಕಾಣಿಸ್ತಿಲ್ಲ. ಮೊಮ್ಮಗಳ ಜೊತೆ ಕೂತು ನೋಡೋ ಅಂಥ ಒಂದು ಸಿನಿಮಾ ಹೇಳಿ. ಹೊಡೆದಾಟ ಬೇಡ. ಅಳು ಬೇಡ. ಸುಳ್ಳಂತೂ ಬೇಡವೇ ಬೇಡ."

"ಸಿನಿಮಾ ಅಂದ್ರೇನೇ ಸುಳ್ಳು ಅಲ್ವಾ ಮೇಡಂ?" ಎಂದು ನಾನು ನಕ್ಕೆ. ಅವರು ನಗಲಿಲ್ಲ.

"ಸಿನಿಮಾದಲ್ಲಿ ಇರಬಹುದು, ಹೇಳೋರಲ್ಲಿ ಇರಬಾರದು. ನೀವು ಪೂರ್ತಿ ನೋಡಿರೋದನ್ನ ಮಾತ್ರ ಹೇಳಿ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಭಾವಮೈದುನ ಎರಡೂ ಕೈ ಆಡಿಸಿ ಬೇಡ ಬೇಡ ಎನ್ನುತ್ತಿದ್ದ. ಅವನು ನನ್ನನ್ನು ಹುರಿದುಂಬಿಸುತ್ತಿದ್ದಾನೆ ಎಂದುಕೊಂಡೆ.

"ಪೂರ್ತಿ ಅಂದ್ರೆ ಎಂಥಾ ಪೂರ್ತಿ ಮೇಡಂ. ಕೊನೇಲಿ ಹೆಸರುಗಳು ಮೇಲಕ್ಕೆ ಹೋಗ್ತಾವಲ್ಲ, ಅದರಲ್ಲಿ ಎಲ್ಲರಿಗೂ ಚಹಾ ತಂದುಕೊಟ್ಟವನ ಹೆಸರು ಬರೋವರೆಗೂ ಕಣ್ಣು ಮಿಟುಕಿಸಲ್ಲ ನಾನು."

ಹೀಗೆ ಹೇಳಿ ಒಂದು ಅಪರೂಪದ ಸಿನಿಮಾ ಸೂಚಿಸಿದೆ. ಬೆಟ್ಟದ ಮೇಲಿನ ಹಳ್ಳಿ, ಟಪಾಲು ಹಂಚುವ ಮುದುಕ, ಅವನದೊಂದು ಕತ್ತೆ. ಆ ಕತ್ತೆ ಪ್ರೇಮಪತ್ರಗಳನ್ನೆಲ್ಲ ತಿಂದುಹಾಕುತ್ತದೆ. ಮುದುಕ ಬಾಯಿಗೆ ಬಂದದ್ದನ್ನು ಓದಿ ಹೇಳಿ ಊರಲ್ಲಿ ತಪ್ಪು ಜೋಡಿಗಳಿಗೆಲ್ಲ ಮದುವೆ ಮಾಡಿಸುತ್ತಾನೆ. "ಮುದುಕ ಕುಣೀತಾನೆ ನೋಡಿ ಮೇಡಂ, ನಗು ತಡೆಯೋಕಾಗಲ್ಲ. ಹೊಟ್ಟೆ ಹಿಡ್ಕೊಳ್ಳೋಕೆ ಒಂದು ದಿಂಬು ಇಟ್ಕೊಳ್ಳಿ," ಎಂದೆ.

ಹೆಡ್ ಮೇಡಂ ತೃಪ್ತರಾಗಿ ಇಳಿದು ಹೋದರು. ಅದೇ ಹೊತ್ತಿಗೆ ಆಸ್ಪತ್ರೆಯಿಂದ ಬಂದ ನನ್ನ ಹೆಂಡತಿ ಮೆಟ್ಟಿಲ ಬುಡದಲ್ಲೇ ಅವರಿಗೆ ಸಿಕ್ಕಳು. ಮಾತು ನನಗೆ ಮೇಲಿನವರೆಗೂ ಕೇಳಿಸುತ್ತಿತ್ತು.

"ಅಯ್ಯೋ ಮೇಡಂ, ಆ ಟಪಾಲಿನ ಕತ್ತೆಯದ್ದಾ? ಅದು ಬೇಡ. ಕೊಡೆ ಹಿಡಿದು ಕೂತ್ರೂ ಸೆರಗು ಒದ್ದೆ ಆಗುತ್ತೆ. ಆ ಕತ್ತೆ ಒಂಟಿಯಾಗಿ ಮನೆಮನೆ ಮುಂದೆ ಹೋಗಿ ನಿಲ್ಲುತ್ತಲ್ಲ, ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ."

"ಒಂಟಿಯಾಗಾ? ಮುದುಕ ಎಲ್ಲಿ ಹೋದ?"

"ಯಾವ ಮುದುಕ ಮೇಡಂ? ಗೋಡೆ ಮೇಲೆ ಒಬ್ಬ ಮುದುಕನ ಫೋಟೋ ಇದೆ, ಅವನಾ?"

ಕೆಳಗೆ ಕೊಡೆ ಮಡಿಸಿದ ಸದ್ದು ಕೇಳಿಸಿತು. ಆಮೇಲೆ ಹೆಡ್ ಮೇಡಂ ಒಳಗೆ ಹೋಗಿ ಮೊಮ್ಮಗಳಿಗೆ ಹೇಳಿದರಂತೆ: "ಒಂದೇ ಬೆಂಚಲ್ಲಿ ಕೂರೋ ಇಬ್ಬರು ಬೇರೆ ಬೇರೆ ಉತ್ತರ ಬರೆದ್ರೆ ಏನರ್ಥ ಗೊತ್ತಾ? ಮಾತು ಬಿಟ್ಟಿದಾರೆ ಅಂತ."

ಇಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಆದರೆ ನಮ್ಮ ಮೇಲಿನ ಮನೆಯಲ್ಲಿ ಒಬ್ಬ ನಿವೃತ್ತ ರೈಲು ಗಾರ್ಡ್ ಇದ್ದಾರೆ. ಹೆಂಡತಿ ಬಟ್ಟೆ ಹೊಲಿಯುತ್ತಾರೆ. ಅವರನ್ನು ಟೈಲರಮ್ಮ ಎನ್ನುತ್ತೇವೆ. ಗಾರ್ಡ್ ಸಾಹೇಬರು ಮರುದಿನ ನನ್ನನ್ನು ತಡೆದು, "ರೈಲು ಇರೋ ಒಂದು ಸಿನಿಮಾ ಹೇಳಿ. ಮನೇಲಿ ಕೂತು ಕೂತು ಕಾಲು ಜೋಮು ಹಿಡಿದಿದೆ," ಎಂದರು. ರೈಲು ಎಂದರೆ ನನ್ನ ಅಂಗೈ ಮೇಲಿನ ವಿಷಯ. ಹಿಮ ಬೀಳುವ ದೇಶದ ಒಂದು ಸಿನಿಮಾ ಸೂಚಿಸಿದೆ: ನಿಲ್ದಾಣ, ಬ್ಯಾಂಡಿನವರು, ಹೊಸದಾಗಿ ಮದುವೆಯಾದವರು, ಕಿಟಕಿಯಲ್ಲಿ ಕೈ ಬೀಸುವ ಮಕ್ಕಳು. "ಶಾಂತವಾದ ಪ್ರಯಾಣ ಸಾಹೇಬ್ರೇ. ನೋಡ್ತಾ ನೋಡ್ತಾ ಟಿಕೆಟ್ ತಗೊಳ್ಳೋಣ ಅನ್ಸುತ್ತೆ."

ಮಧ್ಯಾಹ್ನ ಪಾಳಿಗೆ ಹೊರಟಿದ್ದ ನನ್ನ ಹೆಂಡತಿಗೆ ಟೈಲರಮ್ಮ ಇದನ್ನು ಹೇಳಿದರಂತೆ. ಹೆಂಡತಿ ಮುಖ ಸೊಟ್ಟ ಮಾಡಿ, "ಪ್ರಯಾಣ ಎಲ್ಲಿಂದ ಬಂತಕ್ಕಾ? ನಿಂತ ರೈಲು. ಡಬ್ಬಿಗೊಂದು ಹೆಣ. ಕೊನೆಗೆ ನೋಡಿದ್ರೆ ಗಾರ್ಡೇ ಕೊಲೆಗಾರ," ಎಂದಳಂತೆ.

ಇಡೀ ಜನ್ಮದಲ್ಲಿ ಒಂದು ಇರುವೆಯನ್ನೂ ಹಳಿಯ ಮೇಲೆ ಸಾಯಲು ಬಿಡದ ಗಾರ್ಡ್ ಸಾಹೇಬರು ಇದನ್ನು ಕೇಳಿ ಅಂದು ಊಟ ಮಾಡಲಿಲ್ಲ. ಆಮೇಲೆ ಗಂಭೀರವಾಗಿ ಹೆಂಡತಿಗೆ ಹೇಳಿದರು: "ಆ ಮನೇಲಿ ಕೊಂಡಿ ಕಳಚಿದೆ ಕಣೆ. ಎಂಜಿನ್ ಒಂದು ಕಡೆ ಹೋಗ್ತಿದೆ, ಗಾರ್ಡ್ ಡಬ್ಬಿ ಇನ್ನೊಂದು ಕಡೆ."

ಅನುಮಾನ ಹುಟ್ಟಿದ ಮೇಲೆ ಅದಕ್ಕೆ ಪುರಾವೆ ಒದಗಿಸುವ ಕೆಲಸ ಬಾಕಿ ಇತ್ತು. ಅದನ್ನು ನಾವು ಗಂಡ ಹೆಂಡತಿ ಸೇರಿಯೇ ಮಾಡಿದೆವು. ಮರುದಿನ ತಿಂಡಿಯ ಹೊತ್ತಿಗೆ ಹಿಂದಿನ ರಾತ್ರಿಯ ಸಿನಿಮಾದ ಮಾತು ಬಂತು. ನಾನು ನೋಡಿದ ಭಾಗದಲ್ಲಿ ಒಬ್ಬ ಗಡಿಯಾರ ರಿಪೇರಿಯವನು, ಅವನ ಹೆಂಡತಿ. ಇಬ್ಬರೂ ಹಾಲು ಜೇನು.

"ಅವಳಂಥ ಹೆಂಡತಿ ಸಿಗಬೇಕು ಅಂದ್ರೆ ಪುಣ್ಯ ಮಾಡಿರ್ಬೇಕು. ಗಂಡನ್ನ ಬಿಟ್ಟು ಒಂದು ಗಳಿಗೆ ಇರಲ್ಲ," ಎಂದೆ.

"ಇರಲ್ವಾ? ಅವಳು ಹೇಗೆ ಹೋಗ್ತಾಳೆ ನೋಡಿ," ಎಂದು ಹೆಂಡತಿ ಎದ್ದು ನಿಂತಳು. ಅವಳು ಕಥೆ ಹೇಳುವುದಿಲ್ಲ, ಆಡಿ ತೋರಿಸುತ್ತಾಳೆ. ಸೌಟು ಎತ್ತಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಅಂದಳು: "ಸಾಕು. ನಿಮ್ಮ ಗಡಿಯಾರಗಳ ಜೊತೆ ನೀವೇ ಬಾಳಿ. ಹಲ್ಲಿನ ಡಾಕ್ಟರು ಕೆಳಗೆ ಮಳೇಲಿ ಕಾಯ್ತಿದಾರೆ. ನಾನು ಹೊರಟೆ."

ಆ ಹೊತ್ತಿಗೆ ಸರಿಯಾಗಿ, ಹೊಲಿದ ದಿಂಬಿನ ಚೀಲ ಕೊಡಲು ಬಂದ ಟೈಲರಮ್ಮ ಬಾಗಿಲ ಹೊರಗೆ ನಿಂತಿದ್ದರು. "ಹೀಗಂತಾಳೆ ರೀ ಅವಳು," ಎಂದು ನನ್ನ ಹೆಂಡತಿ ಮುಂದುವರಿಸುವಷ್ಟರಲ್ಲಿ ಅವರು ದಿಂಬಿನ ಚೀಲ ಅಲ್ಲೇ ಬಿಟ್ಟು ಓಡಿದ್ದರು. ಅವರ ಮಂಡಿ ನೋವಿಗೆ ಇಡೀ ಆಸ್ಪತ್ರೆಯೇ ಕೈ ಚೆಲ್ಲಿತ್ತು. ಆ ದಿನ ಅವರು ಮೆಟ್ಟಿಲು ಹತ್ತಿದ ವೇಗ ನೋಡಿದ್ದರೆ ಡಾಕ್ಟರುಗಳು ಕೆಲಸ ಬಿಡುತ್ತಿದ್ದರು.

ದುರದೃಷ್ಟಕ್ಕೆ ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಇದ್ದರು. ಪಾಪ, ಬಡಕಲು ಮನುಷ್ಯ; ರೋಗಿಗೆ ನೋವಾದರೆ ಅವರೇ ಮೊದಲು ಕೂಗುವಂಥವರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಜನ ಅವರ ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸತೊಡಗಿದರು. ಗಾರ್ಡ್ ಸಾಹೇಬರು ಅಳತೆ ಕೊಟ್ಟಿದ್ದ ಹಲ್ಲಿನ ಸೆಟ್ಟು ತಮಗೆ ಬೇಡ ಎಂದು ಹೇಳಿಕಳಿಸಿದರು. "ಸಂಸಾರ ಒಡೆಯೋನ ಕೈಯ ಹಲ್ಲಲ್ಲಿ ನಾನು ಬ್ರೆಡ್ಡೂ ಕಚ್ಚಲ್ಲ," ಎಂದರಂತೆ.

ರಾತ್ರಿ ಹೆಡ್ ಮೇಡಂ ಭಾವಮೈದುನನನ್ನು ಕರೆಸಿದರು. ಹೋದವನು ಮುಖ ಸೋರೆಕಾಯಿ ಮಾಡಿಕೊಂಡು ಬಂದ.

"ಭಾನುವಾರ ಮಧ್ಯಾಹ್ನ ಎಲ್ಲರೂ ಇಲ್ಲಿಗೆ ಬರ್ತಾರಂತೆ. ನೀವೂ ಅಕ್ಕನೂ ಒಂದೇ ಸೋಫಾ ಮೇಲೆ ಕೂತು ಒಂದು ಸಿನಿಮಾ ಪೂರ್ತಿ ನೋಡ್ಬೇಕಂತೆ. ಜಗಳ ಇಲ್ಲದೆ, ಎದ್ದು ಹೋಗದೆ. ಅದನ್ನ ನೋಡಿ ಮೇಡಂ ನಮ್ಮ ಮದುವೆ ವಿಷಯ ಹೇಳ್ತಾರಂತೆ. 'ಪರೀಕ್ಷೆ ಕೊಠಡೀಲಿ ಕೂತು ಮಕ್ಕಳ ಮುಖ ಓದಿದವಳು ನಾನು, ನನ್ನ ಕಣ್ಣು ತಪ್ಪಿಸೋಕಾಗಲ್ಲ' ಅಂದ್ರು."

"ಇಷ್ಟೇನಾ? ಸಿನಿಮಾ ನೋಡಿ ಪಾಸಾಗೋ ಪರೀಕ್ಷೆ ಅಂದ್ರೆ ನನಗೇ ಹೇಳಿ ಮಾಡಿಸಿದ ಹಾಗಿದೆಯಲ್ಲೋ."

ಹೆಂಡತಿಯೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ರೀ, ನಾನೇ ಕೆಳಗೆ ಹೋಗಿ ಹೇಳಿಬಿಡ್ತೀನಿ. ಇವರು ಅರ್ಧಕ್ಕೇ ಮಲಗ್ತಾರೆ, ಉಳಿದರ್ಧ ನಾನು ನೋಡ್ತೀನಿ, ಅದಕ್ಕೇ ಹೀಗಾಯ್ತು ಅಂತ."

"ಚಹಾದವನ ಹೆಸರು ಬರೋವರೆಗೆ ನೋಡ್ತೀನಿ ಅಂದಿದೀನಿ ಕಣೆ. ಹೇಳಿದ್ರೆ ನಾನು ಸುಳ್ಳುಗಾರ ಆಗ್ತೀನಿ. ಮೇಡಂ ಸುಳ್ಳುಗಾರನ ಮನೆಗೆ ಹುಡುಗಿ ಕೊಡ್ತಾರಾ?"

"ಜಗಳದ ಮನೆಗೂ ಕೊಡಲ್ಲ ಭಾವ," ಎಂದು ಭಾವಮೈದುನ ಗೋಡೆಗೆ ಹೇಳಿದ.

"ಹಾಗಾದ್ರೆ ಇರೋದು ಒಂದೇ ದಾರಿ. ನಾನು ಪೂರ್ತಿ ನೋಡ್ತೀನಿ."

ಇದನ್ನು ಕೇಳಿ ಅವನು ನೆಲದ ಮೇಲೆ ಕೂತುಬಿಟ್ಟ. ಸಂತೋಷಕ್ಕೆ ಇರಬೇಕು.

ಈ ನಡುವೆ ಗಾರ್ಡ್ ಸಾಹೇಬರು ಒಳ್ಳೆಯ ಮನಸ್ಸಿನಿಂದ ಇನ್ನೊಂದು ಕೆಲಸ ಮಾಡಿದ್ದರು. ನನ್ನ ಹೆಂಡತಿಯ ಸೋದರಮಾವನಿಗೆ ಫೋನ್ ಮಾಡಿದ್ದರು. ಅವರು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಅವರು ಪಿಸುಗುಟ್ಟಿದರೆ ಎರಡು ಬೀದಿಯಾಚೆ ಮಲಗಿದ ಮಗು ಎದ್ದು ಕೂರುತ್ತದೆ. ಶನಿವಾರ ಬೆಳಿಗ್ಗೆ ಅವರು ನೆನೆದು ತೊಪ್ಪೆಯಾಗಿ ಬಂದು, ಒಳಗೆ ಕಾಲಿಡುವ ಮೊದಲೇ ಕೂಗಿದರು.

"ನನ್ನ ಅಕ್ಕನ ಮಗಳ ಸಂಸಾರ ಒಡೆಯೋಕೆ ಬಂದವನು ಯಾರು? ಒಂದು ಸಲ... ಎರಡು ಸಲ..."

"ಮಾವ, ಯಾರೂ ಇಲ್ಲ. ಅದು ಸಿನಿಮಾ," ಎಂದಳು ಹೆಂಡತಿ.

"ಸಿನಿಮಾಕ್ಕೂ ಕರ್ಕೊಂಡು ಹೋಗಿದ್ನಾ?" ಎಂದವರೇ ಚೀಲ ಅಲ್ಲೇ ಕುಕ್ಕಿ ಬೀದಿಯ ಮೂಲೆಗೆ ಧಾವಿಸಿದರು.

ಮುಂದೆ ನಡೆದದ್ದನ್ನು ಡಾಕ್ಟರೇ ಆಮೇಲೆ ಹೇಳಿದರು. ಎರಡು ದಿನದಿಂದ ಒಬ್ಬ ರೋಗಿಯೂ ಬರದೆ ಕಂಗಾಲಾಗಿದ್ದ ಅವರಿಗೆ, ಮಳೆಯಲ್ಲಿ ನೆಂದು, ಕೆಂಪು ಮುಖ ಮಾಡಿಕೊಂಡು, ಬಾಯಿ ಅಗಲಿಸಿ ಅಬ್ಬರಿಸುತ್ತಾ ಬಂದ ಮನುಷ್ಯನನ್ನು ಕಂಡು ಕರುಳು ಚುರುಕ್ಕೆಂದಿತು. ಎಷ್ಟು ನೋವಿದ್ದರೆ ಹೀಗೆ ಕೂಗುತ್ತಾರೆ. ಅಗಲಿಸಿದ ಬಾಯಿಯಲ್ಲಿ ಹುಳುಕು ದವಡೆ ಹಲ್ಲೂ ಕಾಣಿಸಿತು. "ಕೂತ್ಕೊಳ್ಳಿ ಅಪ್ಪಾ, ಒಂದೇ ನಿಮಿಷ," ಎಂದು ಕುರ್ಚಿಗೆ ಒರಗಿಸಿ ಸೂಜಿ ಚುಚ್ಚಿಯೇಬಿಟ್ಟರು. ಮಾವ ಮೂರನೇ ಸಲ ಎನ್ನುವಷ್ಟರಲ್ಲಿ ನಾಲಿಗೆ ಮರಗಟ್ಟಿತ್ತು. ಹಲ್ಲು ಕೈಗೆ ಬಂತು. ಬಾಯಿ ತುಂಬ ಹತ್ತಿ ಗಿಡಿದುಕೊಂಡು, ಎರಡು ದಿನ ಮಾತಾಡಕೂಡದು ಎಂಬ ಅಪ್ಪಣೆ ಪಡೆದು, ಸಂಧಾನಕ್ಕೆಂದು ಬಂದ ಹಿರಿಯರು ಮೂಕರಾಗಿ ಮನೆ ಸೇರಿದರು.

ಭಾನುವಾರ ಮಧ್ಯಾಹ್ನ. ಹೊರಗೆ ಆಕಾಶವೇ ನಲ್ಲಿ ತಿರುಗಿಸಿ ಮರೆತ ಹಾಗೆ ಮಳೆ. ನಮ್ಮ ಹಾಲಿನಲ್ಲಿ ಸೋಫಾ ಮೇಲೆ ನಾನು, ನನ್ನ ಹೆಂಡತಿ. ಎದುರಿಗೆ ಟಿ.ವಿ. ಪಕ್ಕದ ಕುರ್ಚಿಯಲ್ಲಿ ಹೆಡ್ ಮೇಡಂ, ಅವರು ಟಿ.ವಿ. ಕಡೆಗಲ್ಲ, ನಮ್ಮ ಕಡೆಗೆ ಮುಖ ಮಾಡಿ ಕೂತಿದ್ದರು. ಹಿಂದೆ ಗಾರ್ಡ್ ಸಾಹೇಬರು, ಟೈಲರಮ್ಮ, ಕೆನ್ನೆ ಊದಿದ ಮಾವ. ಬಾಗಿಲ ಬಳಿ ಒಬ್ಬರಿಗೊಬ್ಬರು ಒಂದು ಮೊಳ ದೂರದಲ್ಲಿ, ಬಣ್ಣ ಕಳೆದುಕೊಂಡು ನಿಂತ ಹುಡುಗ ಹುಡುಗಿ.

ಯಾವ ಸಿನಿಮಾ ಎಂದು ಹೆಡ್ ಮೇಡಂ ಕೇಳಿದಾಗ ನಾನು ಗಡಿಯಾರ ರಿಪೇರಿಯವನದ್ದೇ ಆಗಲಿ ಎಂದೆ. "ಅದು ಬೇಡ ರೀ," ಎಂದು ಹೆಂಡತಿ ಪಕ್ಕೆ ತಿವಿದಳು. ಅವಳಿಗೇನು ಗೊತ್ತು. ಗಂಡ ಹೆಂಡತಿ ಅಷ್ಟು ಅನ್ಯೋನ್ಯವಾಗಿರುವ ಸಿನಿಮಾ ಇನ್ನೊಂದಿಲ್ಲ ಎಂದು ನನಗೆ ಗೊತ್ತಿತ್ತು.

ನನ್ನ ಸಿದ್ಧತೆ ಯುದ್ಧಕ್ಕೆ ಹೊರಟವನದ್ದು. ಬೆಳಿಗ್ಗೆಯಿಂದ ಕುಡಿದ ಕಾಫಿಗೆ ನನ್ನ ಮೀಸೆಯೇ ನಡುಗುತ್ತಿತ್ತು. ಎಡ ಕಾಲುಚೀಲದೊಳಗೆ ಮಂಜುಗಡ್ಡೆ. ಷರ್ಟಿನ ಒಳಗೆ, ಮಾಂಸಕ್ಕೆ ಕಚ್ಚಿಸಿದ ಬಟ್ಟೆ ಕ್ಲಿಪ್ಪು. ಕೈಯಲ್ಲಿ ತುಂಬಿದ ಇನ್ನೊಂದು ಲೋಟ. ಕೈ ಸಡಿಲವಾದರೆ ತೊಡೆ ಸುಡಲೆಂದು. ಇಷ್ಟರ ಮೇಲೂ ನಂಬಿಕೆಯಿಲ್ಲದ ಭಾವಮೈದುನ ತನ್ನ ಅಂಗಡಿಯಿಂದ ಕಪ್ಪು ಗಾಜಿನ ಕನ್ನಡಕ ತಂದು ನನಗೆ ಹಾಕಿದ್ದ. ಕಣ್ಣು ಮುಚ್ಚಿದರೂ ಹೊರಗೆ ಕಾಣಬಾರದು.

"ಮನೆಯೊಳಗೆ, ಮಳೆಗತ್ತಲಲ್ಲಿ, ಇದ್ಯಾಕೆ?" ಎಂದರು ಹೆಡ್ ಮೇಡಂ.

"ಸಿನಿಮಾದ ಬೆಳಕು ತುಂಬ ಮೇಡಂ. ನನ್ನ ಹಾಗೆ ಆಳವಾಗಿ ನೋಡೋರಿಗೆ ಕಣ್ಣು ತಡೆಯಲ್ಲ."

ಸಿನಿಮಾ ಶುರುವಾಯಿತು. ಗಡಿಯಾರದವನು ಬಂದ. ಹೆಂಡತಿ ಬಂದಳು. ಅವಳು ಅವನಿಗೆ ಚಹಾ ಕೊಟ್ಟಳು, ಅವನು ಅವಳಿಗೆ ಕಿವಿಯ ಹಿಂದೆ ಗಡಿಯಾರದ ಸಣ್ಣ ಚಕ್ರ ಸಿಕ್ಕಿಸಿದ. ನಾನು ಎಚ್ಚರವಾಗಿದ್ದೆ. ಜಾತ್ರೆಯಲ್ಲಿ ಕಾವಲು ನಿಂತ ಪೊಲೀಸಿನವನೂ ಅಷ್ಟು ಎಚ್ಚರವಾಗಿರಲಾರ. ಅವನ ಅಂಗಡಿಯ ಗಡಿಯಾರಗಳೆಲ್ಲ ಒಟ್ಟಿಗೆ ಟಿಕ್ ಟಿಕ್ ಎನ್ನುತ್ತಿದ್ದವು. ಹೊರಗೆ ಮಳೆಯೂ ಅದೇ ತಾಳಕ್ಕೆ ಸುರಿಯುತ್ತಿತ್ತು. ಟಿಕ್ ಟಿಕ್. ಈ ಹುಡುಗನ ಬಾಳು ನನ್ನ ರೆಪ್ಪೆಯ ಮೇಲೆ ನಿಂತಿದೆ ಎಂದುಕೊಂಡೆ. ರೆಪ್ಪೆಗೆ ಭಾರ ಹೆಚ್ಚಾಯಿತು.

ಇಲ್ಲಿಂದ ಮುಂದಿನದು ನನ್ನ ಹೆಂಡತಿಯ ಪಾಲು. ಅವಳೂ ಉಳಿದವರೂ ಹೇಳಿದ್ದನ್ನೆಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಸಿನಿಮಾ ಅರ್ಧಕ್ಕೆ ಬಂದಾಗ ನನ್ನ ತಲೆ ಸೋಫಾದ ಹಿಂದಕ್ಕೆ ವಾಲಿತಂತೆ. ಭಾವಮೈದುನ ಕಣ್ಣು ಮುಚ್ಚಿಕೊಂಡ. ನನ್ನ ಕಣ್ಣು ಮುಚ್ಚಿರುವುದು ಕಪ್ಪು ಗಾಜಿನ ಹಿಂದೆ ಕಾಣುತ್ತಿರಲಿಲ್ಲ; ಇನ್ನೂ ಬಚಾವಾಗಬಹುದಿತ್ತು. ಆದರೆ ನನ್ನ ಹೆಂಡತಿ, ಟಿ.ವಿ.ಯಿಂದ ದೃಷ್ಟಿ ಕೀಳದೆ, ಕೈ ಚಾಚಿ ಮೊದಲು ನನ್ನ ಕೈಯ ಲೋಟ ತೆಗೆದು ಕೆಳಗಿಟ್ಟಳು. ಆಮೇಲೆ ನನ್ನ ಕನ್ನಡಕ ಮೆಲ್ಲಗೆ ಬಿಚ್ಚಿ ಮಡಿಸಿದಳು. ಕುತ್ತಿಗೆಯ ಕೆಳಗೆ ದಿಂಬು ತೂರಿಸಿದಳು. ಕಂಬಳಿಯನ್ನು ಗಲ್ಲದವರೆಗೆ ಎಳೆದು, ಕಾಲ ಹತ್ತಿರ ತಣ್ಣಗೆ ತಾಗಿದ್ದರಿಂದ ಒದ್ದೆ ಕಾಲುಚೀಲವನ್ನೂ ಕಳಚಿದಳು. ಟಿ.ವಿ. ಸದ್ದು ಎರಡು ಅಂಕಿ ಇಳಿಸಿದಳು. ಕೊನೆಗೆ ತನ್ನ ಕಾಲನ್ನು ಅದೇ ಕಂಬಳಿಯೊಳಗೆ ಸೇರಿಸಿಕೊಂಡು ಮುಂದಕ್ಕೆ ಬಾಗಿ ಸಿನಿಮಾ ನೋಡತೊಡಗಿದಳು. ತಾನು ಇಷ್ಟೆಲ್ಲ ಮಾಡಿದ್ದು ಅವಳಿಗೇ ಗೊತ್ತಿರಲಿಲ್ಲ.

ನಾನು ಗೊರಕೆ ಹೊಡೆದೆನಂತೆ. ಇದನ್ನು ನಾನು ಒಪ್ಪುವುದಿಲ್ಲ.

ಹೆಡ್ ಮೇಡಂ ಬಹಳ ಹೊತ್ತು ನಮ್ಮನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ದಿನಾ ಹೀಗೇನಾ?"

"ಏನು ಮೇಡಂ?" ಎಂದಳು ಹೆಂಡತಿ. ಮೇಡಂ ನನ್ನ ಕಡೆ ಬೆರಳು ತೋರಿದ ಮೇಲೆ ತಿರುಗಿ ನೋಡಿ, "ಓ, ಇವರಾ? ಇವರದು ಇಲ್ಲಿಗೆ ಮುಗೀತು. ಇನ್ನು ಮುಂದಿಂದು ನಂದು," ಎಂದಳು. ಹೇಳಿಬಿಟ್ಟ ಮೇಲೆ ಏನು ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಭಾವಮೈದುನ ಧಾವಿಸಿ ಬಂದು ನನ್ನ ಭುಜ ಅಲುಗಿಸಹತ್ತಿದ. ಮೇಡಂ ತಡೆದರು.

"ಎಬ್ಬಿಸಬೇಡ. ಪಾಠದ ಮಧ್ಯೆ ನಿದ್ದೆ ಮಾಡಿದವನನ್ನ ನಾನು ಎಬ್ಬಿಸದೇ ಬಿಡ್ತಿರೋದು ಇದೇ ಮೊದಲು."

"ಅಂದ್ರೆ ಮುದುಕ ಕುಣಿದದ್ದು ಮೊದಲರ್ಧದಲ್ಲಿ," ಎಂದಳು ಮೊಮ್ಮಗಳು.

"ಬ್ಯಾಂಡು ಮೊದಲರ್ಧ, ಹೆಣ ಎರಡನೇ ಅರ್ಧ," ಎಂದರು ಗಾರ್ಡ್ ಸಾಹೇಬರು. "ಕೊಂಡಿ ಕಳಚಿಲ್ಲ ಕಣೆ. ಪಾಳಿ ಬದಲಾಗ್ತಿದೆ, ಅಷ್ಟೇ. ಒಬ್ಬ ಡ್ರೈವರ್ ಇಳೀತಾನೆ, ಇನ್ನೊಬ್ಬ ಹತ್ತುತಾನೆ. ರೈಲು ಅದೇ."

"ಹಾಗಾದ್ರೆ ಆ ಡಾಕ್ಟರು?" ಎಂದು ಟೈಲರಮ್ಮ ಕೇಳುವುದಕ್ಕೂ, ತೆರೆಯ ಮೇಲೆ ಗಡಿಯಾರದವನ ಹೆಂಡತಿ ಪೆಟ್ಟಿಗೆ ಎತ್ತಿಕೊಂಡು, "ಸಾಕು. ಹಲ್ಲಿನ ಡಾಕ್ಟರು ಕೆಳಗೆ ಮಳೇಲಿ ಕಾಯ್ತಿದಾರೆ," ಎನ್ನುವುದಕ್ಕೂ ಸರಿಹೋಯಿತು. ಮಾವ ಊದಿದ ಕೆನ್ನೆ ಹಿಡಿದುಕೊಂಡು, ಹತ್ತಿಯ ಹಿಂದಿನಿಂದ, ಹರಾಜಿನಲ್ಲಿ ಎಲ್ಲವನ್ನೂ ಕಳೆದುಕೊಂಡವನಂತೆ ಒಂದು ಸದ್ದು ಮಾಡಿದರು. ಟೈಲರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗಾರ್ಡ್ ಸಾಹೇಬರು ಮರುದಿನವೇ ಹೋಗಿ ಹಲ್ಲಿನ ಸೆಟ್ಟು ತೊಟ್ಟುಕೊಂಡು ಬಂದರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಆಮೇಲೆ ಎಲ್ಲರೂ ಸುಮ್ಮನೆ ಕೂತು ಸಿನಿಮಾ ನೋಡಿದರು. ಹೆಡ್ ಮೇಡಂ ಕೂಡ ಕುರ್ಚಿ ತಿರುಗಿಸಿಕೊಂಡರು. ಗಡಿಯಾರದವನ ಹೆಂಡತಿ ನಿಲ್ದಾಣದವರೆಗೆ ಹೋಗುತ್ತಾಳೆ. ಕೊಡೆ ಮರೆತದ್ದು ನೆನಪಾಗಿ ವಾಪಸು ಬರುತ್ತಾಳೆ. ಗಂಡ ಆ ಕೊಡೆ ಹಿಡಿದು ಅರ್ಧ ದಾರಿಗೆ ಬಂದು ನಿಂತಿದ್ದಾನೆ, ಅದನ್ನು ಬಿಚ್ಚುವುದು ಮರೆತು ತಾನೇ ತೋಯುತ್ತಾ. ಅವಳು ಕೊಡೆ ಬಿಚ್ಚುತ್ತಾಳೆ. ಮಳೆ ನಿಲ್ಲುವುದಿಲ್ಲ. ಇಬ್ಬರೂ ಮನೆಯ ಕಡೆಗೇ ನಡೆಯುತ್ತಾರೆ. ಟೈಲರಮ್ಮ ಅತ್ತರು, ಮಾವ ಹತ್ತಿಯೊಳಗೇ ಅತ್ತರು. ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಬಾಗಿಲ ಬಳಿ ನಿಂತಿದ್ದ ಇಬ್ಬರನ್ನೂ ಹತ್ತಿರ ಕರೆದರು.

"ನೋಡಿದ್ರಾ? ಇದನ್ನಲ್ಲ," ಎಂದು ಟಿ.ವಿ. ಕಡೆ ಕೈ ಬೀಸಿ, "ಅದನ್ನ," ಎಂದು ಸೋಫಾ ತೋರಿಸಿದರು. "ಹಾಗಿರೋಕಾಗುತ್ತಾ ನಿಮ್ಮಿಬ್ಬರಿಗೆ?"

"ಆಗುತ್ತೆ ಮೇಡಂ," ಎಂದ ಭಾವಮೈದುನ.

"ಮೇಡಂ ಅಲ್ಲ. ಅಜ್ಜಿ ಅನ್ನು."

ಆ ಗದ್ದಲಕ್ಕೆ ನನಗೆ ಎಚ್ಚರವಾಯಿತು. ತೆರೆಯ ಮೇಲೆ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು. ಎಲ್ಲರೂ ಅಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಭಾವಮೈದುನ ಮಂಜುಗಡ್ಡೆ ಕರಗಿದ ನೀರಿನಲ್ಲಿ ಮಂಡಿಯೂರಿ ನನ್ನ ಕತ್ತು ತಬ್ಬಿಕೊಂಡಿದ್ದ. ಕ್ಲಿಪ್ಪು ಇನ್ನೂ ಕಚ್ಚಿಕೊಂಡೇ ಇತ್ತು.

"ನಾನು ಹೇಳಿರಲಿಲ್ವಾ," ಎಂದೆ. "ಅವಳು ಗಂಡನ್ನ ಬಿಟ್ಟು ಹೋಗಲ್ಲ ಅಂತ."

ಹೆಡ್ ಮೇಡಂ ಕೊಡೆ ಎತ್ತಿಕೊಂಡು ನನ್ನ ಮುಂದೆ ನಿಂತರು. "ಪೂರ್ತಿ ನೋಡ್ತೀನಿ ಅಂತ ಸುಳ್ಳು ಹೇಳಿದ್ದಕ್ಕೆ ನಿಮಗೆ ಸೊನ್ನೆ ಕೊಡಬೇಕು. ಆದರೆ ಅರ್ಧ ಸರಿಯಾಗಿ ನೋಡಿದೀರಿ. ಐವತ್ತು ಕೊಟ್ಟಿದೀನಿ. ಉಳಿದ ಐವತ್ತು ನಿಮ್ಮ ಹೆಂಡತಿಗೆ."

ನಾನು ಎದ್ದು ನಿಂತು ಅದನ್ನು ಸ್ವೀಕರಿಸಿದೆ. ವಿಚಾರಿಸಿದೆ, ಆ ಮಹಾತಾಯಿ ತಮ್ಮ ಇಡೀ ಸರ್ವೀಸಿನಲ್ಲಿ ನಿದ್ದೆ ಮಾಡುತ್ತಿದ್ದವನಿಗೆ ಒಂದು ಅಂಕವನ್ನೂ ಕೊಟ್ಟವರಲ್ಲವಂತೆ. ಈ ಮದುವೆಗೆ ಯಾರ್ಯಾರೋ ಓಡಾಡಿದರು, ಒಬ್ಬರಂತೂ ಹಲ್ಲನ್ನೇ ಕಳೆದುಕೊಂಡರು. ಕೂತ ಜಾಗ ಬಿಟ್ಟು ಕದಲದೆ, ಕಣ್ಣೂ ತೆರೆಯದೆ, ಒಂದು ಮದುವೆ ಕುದುರಿಸಿದವನು ಮಾತ್ರ ನಾನೊಬ್ಬನೇ.